ಸ್ಕೋನ್ ಕಲ್ಲಾಗುವುದೇಕೆ? ಕರಾವಳಿಯ ಸೆಕೆಯಲ್ಲಿ ಹಣ್ಣಿನ ಸ್ಕೋನ್ ಬೇಯಿಸುವ ಬಗೆ

ಪ್ರಶ್ನೆ: ಸಂಜೆಯ ಚಾ ಜೊತೆಗೆ ದಿನಾ ರಸ್ಕು, ಬಿಸ್ಕತ್ತು ತಿಂದು ಸಾಕಾಗಿ, ಇಂಗ್ಲೆಂಡಿನವರು ಚಾ ಜೊತೆ ತಿನ್ನುವ ಮೆತ್ತಗಿನ ದಪ್ಪ ತಿಂಡಿ, ಹಣ್ಣಿನ ಸ್ಕೋನ್ ಮಾಡಲು ಹೊರಟೆ. ಮನೆಯಲ್ಲಿರುವುದು ಸಣ್ಣ ಓಟಿಜಿ (ಕರೆಂಟಿನ ಪುಟ್ಟ ಓವನ್). ಮೊದಲ ಸಲ ನಮ್ಮ ಬಾಳೆಹಣ್ಣಿನ ಬನ್ಸ್ ಹಿಟ್ಟಿನ ಹಾಗೆ ಚೆನ್ನಾಗಿ ನಾದಿ, ಎರಡು ಗಂಟೆ ಮುಚ್ಚಿಟ್ಟು, ಸ್ಟೀಲ್ ಲೋಟ ಕವುಚಿ ತಿರುಗಿಸಿ ಕತ್ತರಿಸಿ, 180 ಡಿಗ್ರಿಯಲ್ಲಿ ಬೇಯಿಸಿದೆ. ಉಬ್ಬಲೇ ಇಲ್ಲ, ಕಲ್ಲಾಯಿತು. ಎರಡನೇ ಸಲ ಬೇಕಿಂಗ್ ಪೌಡರ್ ದುಪ್ಪಟ್ಟು ಹಾಕಿದೆ. ಎದ್ದವು, ಆದರೆ ಎಲ್ಲವೂ ಒಂದು ಬದಿಗೆ ವಾಲಿಕೊಂಡು. ನಡುವೆ ಹಸಿ, ಬಾಯಿಗೆ ಸೋಪಿನ ರುಚಿ. ನಾವು ಮೊಟ್ಟೆ ತಿನ್ನುವವರಲ್ಲ. ಮೊಟ್ಟೆ ಹಾಕದ್ದಕ್ಕೇ ಹೀಗಾಗುತ್ತಿದೆಯಾ?
ಓದುಗರೊಬ್ಬರು, ಉಡುಪಿ

ಉತ್ತರ: ಮೊಟ್ಟೆಯ ಮೇಲೆ ತಪ್ಪು ಹೊರಿಸಬೇಡಿ. ಸ್ಕೋನಿಗೆ ಮೊಟ್ಟೆ ಬೇಕೇ ಬೇಕೆಂದಿಲ್ಲ. ಹಾಕಿದರೆ ಬಣ್ಣ ಸ್ವಲ್ಪ ಹಳದಿ, ಒಳಗಿನ ಹದ ಸ್ವಲ್ಪ ಕೇಕಿನ ಕಡೆಗೆ. ಮೈದಾ, ಬೆಣ್ಣೆ, ಹಾಲು, ಸಕ್ಕರೆ, ಬೇಕಿಂಗ್ ಪೌಡರ್ ಇಷ್ಟರಲ್ಲೇ ಒಳ್ಳೆಯ ಸ್ಕೋನ್ ಆಗುತ್ತದೆ. ನಿಮ್ಮ ಪತ್ರದಲ್ಲೇ ನಾಲ್ಕು ತಪ್ಪು ಎದ್ದು ಕಾಣುತ್ತವೆ: ನಾದಿದ್ದು, ಎರಡು ಗಂಟೆ ಇಟ್ಟದ್ದು, ಲೋಟ ತಿರುಗಿಸಿದ್ದು, 180 ಡಿಗ್ರಿ. ನೀವು ಬರೆಯದೇ ಬಿಟ್ಟ ಐದನೆಯದೂ ಒಂದು ಇದ್ದೀತು, ಅದು ಬೆಣ್ಣೆ. ನಮ್ಮ ಊರಿನ ಸೆಕೆಗೆ ಹೊರಗಿಟ್ಟ ಬೆಣ್ಣೆ ಅರ್ಧ ಗಂಟೆಯಲ್ಲಿ ಮುಲಾಮಿನಂತಾಗುತ್ತದೆ. ಇಂಗ್ಲೆಂಡಿನ ಪಾಕವಿಧಾನದಲ್ಲಿ ‘ತಣ್ಣಗಿನ ಬೆಣ್ಣೆ’ ಎಂದು ಒಂದೇ ಮಾತಿನಲ್ಲಿ ಮುಗಿಸಿರುತ್ತಾರೆ, ಅಲ್ಲಿಯವರಿಗೆ ಅಡುಗೆಮನೆಯೇ ಫ್ರಿಜ್ಜಿನಂತೆ. ಇಲ್ಲಿ ಅದಕ್ಕೊಂದು ಏರ್ಪಾಡು ಮಾಡಿಕೊಳ್ಳದೆ ಆಗುವುದಿಲ್ಲ.

ಮೊದಲು ನಾದುವ ವಿಷಯ. ಬನ್ಸ್ ಮಾಡಿ ಪಳಗಿದ ಕೈಗೆ ಸ್ಕೋನ್ ಹಿಟ್ಟು ಕಂಡರೆ ಸಮಾಧಾನವಾಗುವುದಿಲ್ಲ, ಇದೇನು ಇಷ್ಟು ಒರಟು ಎಂದು ಇನ್ನೆರಡು ಸಲ ಒತ್ತಿಬಿಡುತ್ತದೆ. ಬನ್ಸ್ ಎಣ್ಣೆಯಲ್ಲಿ ಪೂರಿಯಂತೆ ಉಬ್ಬಬೇಕಾದರೆ ಹಿಟ್ಟಿಗೆ ಎಳೆತ ಬೇಕು, ಆವಿಯನ್ನು ಒಳಗೇ ಹಿಡಿದಿಡುವ ಚರ್ಮ ಬೇಕು. ಮೈದಾಕ್ಕೆ ನೀರು ಸೇರಿ ಕೈ ಆಡಿದಷ್ಟೂ ಗ್ಲುಟೆನ್ ಎಂಬ ಅಂಟು ಪ್ರೋಟೀನಿನ ಬಲೆ ಬಿಗಿಯಾಗುವುದು ಅದಕ್ಕೇ. ಸ್ಕೋನಿಗೆ ಬೇಕಾದ್ದು ಇದರ ತದ್ವಿರುದ್ಧ. ಕೈಯಲ್ಲಿ ಹಿಡಿದು ಎಳೆದರೆ ರಬ್ಬರಿನಂತೆ ಜಗ್ಗದೆ, ಮೆತ್ತಗೆ ಬಿರಿದು ಎರಡಾಗಬೇಕು. ಬಲೆ ಬಿಗಿಯಾದರೆ ಬೇಕಿಂಗ್ ಪೌಡರಿನ ಗಾಳಿ ಅದನ್ನು ಎತ್ತಲಾರದೆ ಸೋಲುತ್ತದೆ. ನಿಮ್ಮ ಮೊದಲ ಸಲದ ಕಲ್ಲು ಹುಟ್ಟಿದ್ದು ಹೀಗೆ.

ಎರಡು ಗಂಟೆ ಮುಚ್ಚಿಟ್ಟದ್ದೂ ಬನ್ಸ್ ಅಭ್ಯಾಸವೇ. ಬಾಳೆಹಣ್ಣು, ಮೊಸರು ಹಾಕಿದ ಹಿಟ್ಟು ರಾತ್ರಿಯಿಡೀ ಕೂತು ಹುಳಿ ಬಂದರೆ ಬನ್ಸ್ ರುಚಿ. ಬೇಕಿಂಗ್ ಪೌಡರ್ ಅಂದರೆ ಸೋಡಾ, ಒಂದು ಒಣ ಹುಳಿ, ಎರಡೂ ಸೇರದಂತೆ ನಡುವೆ ಕಾಯುವ ಮೆಕ್ಕೆಜೋಳದ ಪಿಷ್ಟ. ಒದ್ದೆಯಾದ ಕೂಡಲೇ ಅದರ ಒಂದು ಪಾಲು ಕೆಲಸ ಶುರು ಮಾಡುತ್ತದೆ. ಡಬ್ಬಿಯ ಮೇಲೆ ‘ಡಬಲ್ ಆಕ್ಟಿಂಗ್’ ಎಂದಿದ್ದರೆ ಇನ್ನೊಂದು ಪಾಲು ಬಿಸಿ ತಾಗುವವರೆಗೆ ಕಾಯುತ್ತದೆ. ಆದರೆ ಎರಡು ಗಂಟೆ, ಅದೂ ಮೂವತ್ತು ಡಿಗ್ರಿ ಸೆಕೆಯಲ್ಲಿ? ಒಲೆಗೆ ಹೋಗುವ ಮೊದಲೇ ಅದರ ಉಸಿರು ಮುಕ್ಕಾಲು ಖಾಲಿ. ಎರಡನೇ ಸಲ ದುಪ್ಪಟ್ಟು ಹಾಕಿ ನೀವು ಈ ನಷ್ಟವನ್ನೇನೋ ತುಂಬಿದಿರಿ, ಆದರೆ ಮಿಕ್ಕುಳಿದದ್ದು ನಾಲಗೆಗೆ ಸೋಪಾಗಿ ಬಂತು.

ಬೇಕಿಂಗ್ ಪೌಡರ್ ಬದುಕಿದೆಯೋ ಇಲ್ಲವೋ ನೋಡುವುದು ಸುಲಭ. ಕಾಲು ಲೋಟ ಕುದಿನೀರಿಗೆ ಒಂದು ಚಮಚ ಉದುರಿಸಿ. ಭರ್ರೆಂದು ನೊರೆ ಎದ್ದು ಕೆಲವು ಕ್ಷಣ ನಿಲ್ಲಬೇಕು. ಅಲ್ಲೊಂದು ಇಲ್ಲೊಂದು ಗುಳ್ಳೆ ಬಂದು ಸುಮ್ಮನಾದರೆ ಆ ಡಬ್ಬಿಯನ್ನು ಸಿಂಕು ತಿಕ್ಕಲು ಇಟ್ಟುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಉಪ್ಪಿನ ಭರಣಿಯೇ ನೀರೊಡೆಯುತ್ತದೆ, ಇನ್ನು ಮುಚ್ಚಳ ಸಡಿಲವಾದ ಬೇಕಿಂಗ್ ಪೌಡರ್ ಎಷ್ಟು ದಿನ ತಡೆದೀತು? ದೊಡ್ಡ ಡಬ್ಬಿ ಅಗ್ಗವೆಂದು ತರಬೇಡಿ. ಸಣ್ಣದು ತನ್ನಿ, ಮೇಲೆ ತಾರೀಕು ಬರೆಯಿರಿ, ಒಣ ಚಮಚ ಮಾತ್ರ ಇಳಿಸಿ.

ಈಗ ಅಳತೆ. ಎಂಟು ಸ್ಕೋನಿಗೆ ಮೈದಾ 250 ಗ್ರಾಂ, ಬೇಕಿಂಗ್ ಪೌಡರ್ ತಲೆ ಸವರಿದ ಮೂರು ಟೀ ಚಮಚ (ಸುಮಾರು 13 ಗ್ರಾಂ), ಉಪ್ಪಿಲ್ಲದ ಬೆಣ್ಣೆ 60 ಗ್ರಾಂ, ಸಕ್ಕರೆ 40 ಗ್ರಾಂ, ಉಪ್ಪು ಕಾಲು ಟೀ ಚಮಚ, ಒಣದ್ರಾಕ್ಷಿ 75 ಗ್ರಾಂ, ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಹಾಲು 120 ಮಿಲಿ, ಮೇಲೆ ಸವರಲು ಇನ್ನೆರಡು ಚಮಚ ಹಾಲು. ತಕ್ಕಡಿ ಇಲ್ಲದವರು 240 ಮಿಲಿ ಕಪ್ಪಿನಲ್ಲಿ ಮೈದಾವನ್ನು ಚಮಚದಿಂದ ಸಡಿಲವಾಗಿ ತುಂಬಿ ಮೇಲೆ ಸವರಿದರೆ ಒಂದು ಕಪ್ಪಿಗೆ ಹತ್ತಿರ ಹತ್ತಿರ 125 ಗ್ರಾಂ. ಕಪ್ಪನ್ನೇ ಡಬ್ಬಿಗೆ ಅದ್ದಿ ಒತ್ತಿ ತೆಗೆದರೆ 150ರ ಹತ್ತಿರ ಹೋಗುತ್ತದೆ, ಎರಡು ಕಪ್ಪಿಗೆ 50 ಗ್ರಾಂ ಹೆಚ್ಚು. ಸ್ಕೋನ್ ಒಣಗಿ ಬಿರಿಯಲು ಇಷ್ಟು ಸಾಕು. ಒಂದು ಸಾಧಾರಣ ಡಿಜಿಟಲ್ ತಕ್ಕಡಿ ಕೊಂಡುಬಿಡಿ, ಉಪ್ಪಿನಕಾಯಿಗೂ ಆಗುತ್ತದೆ.

ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಹಳದಿ ಟೇಬಲ್ ಬಟರ್ ಬಳಸುವುದಾದರೆ ಅದರಲ್ಲಿ ಉಪ್ಪು ಇದ್ದೇ ಇದೆ, ಮೇಲಿಂದ ಹಾಕಬೇಡಿ. ಮನೆಯಲ್ಲಿ ಕಡೆದ ಬೆಣ್ಣೆಯೂ ನಡೆಯುತ್ತದೆ, ರುಚಿ ಅದರದ್ದೇ ಹೆಚ್ಚು. ಆದರೆ ಅದರೊಳಗೆ ಮಜ್ಜಿಗೆ ಉಳಿದಿರುತ್ತದೆ. ಐಸ್ ನೀರಿನಲ್ಲಿ ಎರಡು ಮೂರು ಸಲ ತೊಳೆದು, ಹಿಂಡಿ, ಉಂಡೆ ಮಾಡಿ ಫ್ರೀಜರಿನಲ್ಲಿಡಿ, ಹಾಲನ್ನು ಒಂದು ದೊಡ್ಡ ಚಮಚ ಕಡಿಮೆ ಮಾಡಿ. ತುಪ್ಪ ಬೇಡ. ಅದರಲ್ಲಿ ನೀರಿನಂಶವೇ ಇಲ್ಲ, ಹಿಟ್ಟನ್ನು ಹುಡಿಹುಡಿ ಮಾಡುತ್ತದೆ, ಕೊನೆಗೆ ಸಿಗುವುದು ಅಷ್ಟೇನೂ ಚೆನ್ನಾಗಿಲ್ಲದ ನಾನ್‌ಕಟಾಯಿ. ತೆಂಗಿನೆಣ್ಣೆಯನ್ನು ಫ್ರಿಜ್ಜಿನಲ್ಲಿ ಗಟ್ಟಿ ಮಾಡಿ ಹಾಕಬಹುದೇ ಎಂದು ಕೇಳುವವರಿದ್ದಾರೆ. ಅದು 24 ಡಿಗ್ರಿಗೇ ನೀರಾಗುತ್ತದೆ, ಮಂಗಳೂರಿನಲ್ಲಿ ಹಿಟ್ಟಿಗೆ ಸೇರಿಸುವಷ್ಟರಲ್ಲಿ ಬೆರಳ ಸಂದಿಯಲ್ಲಿ ಇಳಿಯುತ್ತಿರುತ್ತದೆ.

ಬೆಣ್ಣೆ ಯಾಕೆ ತಣ್ಣಗೇ ಇರಬೇಕು? ಗಟ್ಟಿ ಬೆಣ್ಣೆಯ ಚೂರುಗಳು ಹಿಟ್ಟಿನೊಳಗೆ ಚೂರಾಗಿಯೇ ಉಳಿದು ಒಲೆಗೆ ಹೋದರೆ, ಅಲ್ಲಿ ಕರಗಿ ಜಾಗ ಖಾಲಿ ಮಾಡುತ್ತವೆ. ಬೆಣ್ಣೆಯಲ್ಲಿರುವ ನೀರು, ನೂರಕ್ಕೆ ಹದಿನಾರರಷ್ಟು, ಆವಿಯಾಗಿ ಆ ಖಾಲಿ ಜಾಗವನ್ನು ಮೇಲಕ್ಕೆತ್ತುತ್ತದೆ. ಬೆಣ್ಣೆ 20 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ, 32ರಿಂದ 35ರೊಳಗೆ ಪೂರ್ತಿ ಎಣ್ಣೆ. ಏಪ್ರಿಲ್, ಮೇ ಮಧ್ಯಾಹ್ನ ನಮ್ಮ ಅಡುಗೆಮನೆಗಳು ಇದೇ ಅಂಕಿಯ ಆಚೀಚೆ ಇರುತ್ತವೆ. ಕರಗಿದ ಬೆಣ್ಣೆ ಹಿಟ್ಟಿನ ಕಣಕಣಕ್ಕೂ ಅಂಟಿಕೊಂಡರೆ ಸ್ಕೋನ್ ಏಳುವ ಬದಲು ಟ್ರೇ ಮೇಲೆ ಹರಡುತ್ತದೆ, ಅಡಿಯಲ್ಲಿ ಜಿಡ್ಡು ಬಿಡುತ್ತದೆ. ಫ್ಯಾನ್ ಜೋರು ಮಾಡಿ ಪ್ರಯೋಜನವಿಲ್ಲ. ನಮ್ಮ ಬೆವರು ಆರೀತು, ಬೆಣ್ಣೆಗೆ ಬೆವರಿಲ್ಲ.

ಹಾಗಾಗಿ ಕೆಲಸ ಮುಂಚಿತವಾಗಿಯೇ ಶುರು ಮಾಡಿ. 60 ಗ್ರಾಂ ಬೆಣ್ಣೆಯನ್ನು ತೂಗಿ ಕನಿಷ್ಠ ಒಂದು ಗಂಟೆ ಫ್ರೀಜರಿನಲ್ಲಿಡಿ. ಮೈದಾ, ಬೇಕಿಂಗ್ ಪೌಡರ್, ಉಪ್ಪನ್ನು ಎರಡು ಸಲ ಜರಡಿ ಹಿಡಿದು, ಸಕ್ಕರೆ ಬೆರೆಸಿ, ಅಗಲ ಪಾತ್ರೆಯ ಸಮೇತ 20 ನಿಮಿಷ ಫ್ರಿಜ್ಜಿಗೆ ತಳ್ಳಿ. ಈ ನಡುವೆ ಓಟಿಜಿ ಹಚ್ಚಿ, ದ್ರಾಕ್ಷಿ ನೋಡಿಕೊಳ್ಳಿ. ಎಲ್ಲ ಸಿದ್ಧವಾದ ಮೇಲೆ ಪಾತ್ರೆ ಹೊರತೆಗೆದು, ಕ್ಯಾರೆಟ್ ತುರಿಯುವ ತುರಿಮಣೆಯ ದಪ್ಪ ಕಣ್ಣಿನಲ್ಲಿ ಬೆಣ್ಣೆಯನ್ನು ನೇರ ಹಿಟ್ಟಿನ ಮೇಲೆಯೇ ತುರಿಯಿರಿ. ಬೆಣ್ಣೆಯನ್ನು ಅದರ ಕಾಗದದಲ್ಲೇ ಹಿಡಿದುಕೊಂಡರೆ ಅಂಗೈಯ ಬಿಸಿ ತಾಗುವುದಿಲ್ಲ. ತುರಿಯುತ್ತ ನಡುನಡುವೆ ಹಿಟ್ಟು ಉದುರಿಸಿ ಕೊಡವಿ, ಇಲ್ಲದಿದ್ದರೆ ಎಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಆಮೇಲೆ ಬೆರಳ ತುದಿಯಲ್ಲಿ ಒಂದು ನಿಮಿಷ ಮಾತ್ರ ತಿಕ್ಕಿ. ಅಂಗೈ ತಾಗಿಸಬೇಡಿ. ಹಿಟ್ಟು ರವೆ ರವೆಯಾಗಿ, ನಡುನಡುವೆ ಅವಲಕ್ಕಿಯಷ್ಟು ಬೆಣ್ಣೆಯ ತುಣುಕು ಕಂಡರೆ ಅದೇ ಹದ. ಕೈ ಯಾವಾಗಲೂ ಬೆಚ್ಚಗಿರುವವರು ಬೆರಳು ಬಿಟ್ಟು ಎರಡು ಫೋರ್ಕು ಹಿಡಿಯಲಿ. ಯಾವ ಘಳಿಗೆಯಲ್ಲಾದರೂ ಬೆರಳಿಗೆ ಎಣ್ಣೆ ಅಂಟಿದಂತೆ ಅನಿಸಿದರೆ ಅಲ್ಲೇ ನಿಲ್ಲಿಸಿ ಪಾತ್ರೆಯನ್ನು ಹತ್ತು ನಿಮಿಷ ಫ್ರೀಜರಿಗಿಡಿ. ಹಾಲು ಬೀಳುವ ಮೊದಲು ಎಷ್ಟು ಹೊತ್ತು ಕಾದರೂ ನಷ್ಟವಿಲ್ಲ.

ದ್ರಾಕ್ಷಿಯನ್ನು ಹಾಗೇ ಹಾಕಿದರೆ ಅದು ಹಿಟ್ಟಿನ ನೀರನ್ನೇ ಹೀರಿ ಸುತ್ತ ಒಣ ಗುಳಿ ಮಾಡುತ್ತದೆ. ಹಾಲು ಹಾಕದ ಬಿಸಿ ಚಾ ಡಿಕಾಕ್ಷನ್ನಿನಲ್ಲಿ ಹತ್ತು ನಿಮಿಷ ನೆನೆಸಿ, ಸೋಸಿ, ಬಟ್ಟೆಯ ಮೇಲೆ ಹರಡಿ ಒತ್ತಿ ಒರೆಸಿ, ಪೂರ್ತಿ ತಣಿದ ಮೇಲೆ ಬಳಸಿ. ಒರೆಸುವುದನ್ನು ತಪ್ಪಿಸಬೇಡಿ. ನೆನೆದ ದ್ರಾಕ್ಷಿಯ ಮೈಯಲ್ಲಿ ಎರಡು ಚಮಚ ನೀರು ಆರಾಮವಾಗಿ ಕೂತಿರುತ್ತದೆ, ನಿಮ್ಮ ಎರಡನೇ ಸಲದ ಹಸಿಗೆ ಅದೂ ಒಂದು ಕಾರಣ ಇದ್ದೀತು. ದ್ರಾಕ್ಷಿಗೆ ಬದಲಾಗಿ ಬೀಜ ತೆಗೆದು ಕತ್ತರಿಸಿದ ಖರ್ಜೂರ ಆಗುತ್ತದೆ, ಕ್ರಿಸ್ಮಸ್ ತಿಂಡಿಗಳಿಗೆ, ಅಂದರೆ ಕುಸ್ವಾರಿಗೆ, ತಂದು ಉಳಿದ ಕಿತ್ತಳೆ ಸಿಪ್ಪೆ ಆಗುತ್ತದೆ. ಟೂಟಿ ಫ್ರೂಟಿ ಬಣ್ಣಕ್ಕೆ ಚೆಂದ, ರುಚಿಗೆ ಬರೀ ಸಿಹಿ. ಅದರ ಬದಲು ಮಾವಿನ ರಸ ಒಣಗಿಸಿದ ಮಾಂಬಳವನ್ನು ಕತ್ತರಿಯಲ್ಲಿ ಕಡಲೆಕಾಳಿನಷ್ಟು ಚೂರು ಮಾಡಿ ಹಾಕಿ ನೋಡಿ: ಹುಳಿಸಿಹಿ, ನೆನೆಸುವ ಕೆಲಸವೂ ಇಲ್ಲ. ಉತ್ತರ ಕನ್ನಡದ ಒಣ ಬಾಳೆಹಣ್ಣು, ಸುಕೇಳಿಯೂ ಹಾಗೆಯೇ. ಹಸಿ ಬಾಳೆಹಣ್ಣು, ಹಲಸು, ಅನಾನಸನ್ನು ಮಾತ್ರ ಈ ಅಳತೆಗೆ ಸೇರಿಸಬೇಡಿ. ಅವುಗಳ ನೀರಿಗೆ ಇಡೀ ಲೆಕ್ಕ ತಪ್ಪುತ್ತದೆ.

ಹಣ್ಣನ್ನು ಒಣ ಹಿಟ್ಟಿಗೆ ಬೆರೆಸಿ, ನಡುವೆ ಗುಂಡಿ ಮಾಡಿ, ಹಾಲಿನಲ್ಲಿ ಎರಡು ದೊಡ್ಡ ಚಮಚ ಉಳಿಸಿಕೊಂಡು ಮಿಕ್ಕದ್ದನ್ನು ಒಮ್ಮೆಲೇ ಸುರಿಯಿರಿ. ಸ್ವಲ್ಪ ಸ್ವಲ್ಪವಾಗಿ ಹಾಕಿದರೆ ಪ್ರತಿ ಸಲವೂ ಕಲಸಬೇಕಾಗುತ್ತದೆ, ಕಲಸಿದಷ್ಟೂ ಬಲೆ ಬಿಗಿ. ಬೆಣ್ಣೆ ಸವರುವ ಮೊಂಡು ಚಾಕು ಇದಕ್ಕೆ ಹೇಳಿ ಮಾಡಿಸಿದ್ದು. ಅಡಿಯಿಂದ ಮೇಲಕ್ಕೆ ಹತ್ತು ಹನ್ನೆರಡು ಸಲ ತಿರುವಿದರೆ ಹಿಟ್ಟು ಗಂಟುಗಂಟಾಗಿ ಸೇರುತ್ತದೆ. ತಳದಲ್ಲಿ ಒಣ ಹುಡಿ ಉಳಿದಿದ್ದರೆ ಮಾತ್ರ ಉಳಿಸಿದ ಹಾಲನ್ನು ಅದರ ಮೇಲೆಯೇ ಚಿಮುಕಿಸಿ. ಮಳೆಗಾಲದಲ್ಲಿ ಮೈದಾವೇ ಗಾಳಿಯ ತೇವ ಎಳೆದುಕೊಂಡಿರುವುದರಿಂದ ಆ ಎರಡು ಚಮಚ ಬೇಕಾಗದೆಯೂ ಹೋಗಬಹುದು. ಹಿಟ್ಟು ಚಪಾತಿ ಹಿಟ್ಟಿಗಿಂತ ಮೆತ್ತಗೆ, ಗೋಳಿಬಜೆ ಹಿಟ್ಟಿಗಿಂತ ಬಹಳ ಗಟ್ಟಿ, ಬೆರಳಿಗೆ ತುಸು ಅಂಟಬೇಕು. ನೋಡಲು ಚೆನ್ನಾಗಿರುವುದಿಲ್ಲ. ಇರಬೇಕಾಗಿಯೂ ಇಲ್ಲ.

ಚಪಾತಿ ಮಣೆ ಸಾಲದು, ಕಲ್ಲಿನ ಕಟ್ಟೆಯ ಮೇಲೆಯೇ ಹಿಟ್ಟು ಉದುರಿಸಿ ಸುರಿದುಕೊಳ್ಳಿ. ಗ್ರಾನೈಟ್ ತಂಪು, ಈ ಕೆಲಸಕ್ಕೆ ಅನುಕೂಲ. ಅಂಗೈಯಿಂದ ಎರಡು ಸೆಂ.ಮೀ. ದಪ್ಪಕ್ಕೆ ತಟ್ಟಿ, ಪುಸ್ತಕ ಮುಚ್ಚುವಂತೆ ಮಡಚಿ, ಕಾಲು ಸುತ್ತು ತಿರುಗಿಸಿ ಮತ್ತೆ ತಟ್ಟಿ. ಹೀಗೆ ಮೂರು ಸಲ. ಬೆಂದ ಮೇಲೆ ಸ್ಕೋನಿನ ಸೊಂಟದಲ್ಲಿ ಅಡ್ಡಕ್ಕೆ ಒಂದು ಬಿರುಕು ಕಾಣಿಸುತ್ತದೆ, ಅದು ಈ ಮಡಿಕೆಯಿಂದ ಬರುವಂಥದ್ದು. ಚಾಕು ಮುಟ್ಟಿಸದೆ ಬೆರಳಿನಲ್ಲೇ ಅಲ್ಲಿ ಬಿಡಿಸಬಹುದು. ಲಟ್ಟಣಿಗೆ ಬೇಡ, ಅದು ಒಂದೇ ಸಮ ಒತ್ತಿ ಗಾಳಿ ಹೊರಹಾಕುತ್ತದೆ. ಕೊನೆಗೆ ಸುಮಾರು 20 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ, ಎರಡೂವರೆ ಸೆಂ.ಮೀ. ದಪ್ಪದ ಹಲಗೆ. ದಪ್ಪದಲ್ಲಿ ಜಿಪುಣತನ ಮಾಡಬೇಡಿ. ಒಂದೂವರೆ ಸೆಂ.ಮೀ. ತಟ್ಟಿ ಐದು ಸೆಂ.ಮೀ. ಎದ್ದೀತೆಂದು ಕಾದರೆ ಏಳುವುದಿಲ್ಲ, ಬೆಂದ ಸ್ಕೋನ್ ಹಿಟ್ಟಿನ ಎರಡರಷ್ಟಾದರೆ ಅದೇ ಹೆಚ್ಚು.

ಈಗ ಆ ಲೋಟದ ವಿಚಾರ. ಸ್ಟೀಲ್ ಲೋಟದ ಬಾಯಿಯ ಮೇಲೆ ಬೆರಳಾಡಿಸಿ ನೋಡಿ. ಅಂಚು ಹೊರಕ್ಕೆ ಸುರುಳಿಯಾಗಿ ಮಡಚಿರುತ್ತದೆ, ತುಟಿಗೆ ತಾಗದಿರಲೆಂದು. ಹಿಟ್ಟಿನ ಮೇಲೆ ಒತ್ತಿದಾಗ ಆ ಉರುಟು ಅಂಚು ಕತ್ತರಿಸುವುದಿಲ್ಲ, ಮೇಲಿನ ಪದರವನ್ನು ಕೆಳಗಿನದಕ್ಕೆ ಜಿಗುಟಿ ಅಂಟಿಸುತ್ತದೆ, ಕಡುಬಿನ ಬಾಯಿ ಮುಚ್ಚಿದಂತೆ. ಮೇಲಿಂದ ತಿರುಗಿಸಿದಿರಿ, ಹಾಗಾಗಿ ಒಂದು ಬದಿ ಹೆಚ್ಚು ಮುಚ್ಚಿತು, ಇನ್ನೊಂದು ಕಡಿಮೆ. ಒಲೆಯೊಳಗೆ ಬಿಡಿಸಿಕೊಂಡ ಬದಿ ಎದ್ದಿತು, ಅಂಟಿಕೊಂಡ ಬದಿ ಕೂತಿತು. ವಾಲಿದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಲೋಟದ ತಳ ಮುಚ್ಚಿರುವುದರಿಂದ ಒಳಗಿನ ಗಾಳಿ ಹೊರಹೋಗದೆ ಹಿಟ್ಟನ್ನು ಒತ್ತುವುದೂ ಉಂಟು. ಎರಡೂ ಕಡೆ ತೆರೆದ, ಚೂಪು ಅಂಚಿನ ಐದೂವರೆ ಸೆಂ.ಮೀ. ಬಿಸ್ಕತ್ ಕಟರ್ ಸಿಕ್ಕಿದರೆ ಮೈದಾದಲ್ಲಿ ಅದ್ದಿ, ನೇರ ಕೆಳಗೊತ್ತಿ, ನೇರ ಮೇಲೆತ್ತಿ. ಇಲ್ಲವಾದರೆ ದುಂಡಗಿರಬೇಕೆಂಬ ಹಟವನ್ನೇ ಬಿಡಿ. ಉದ್ದನೆಯ ಚೂಪು ಚಾಕುವಿನಿಂದ ಹಲಗೆಯ ನಾಲ್ಕು ಅಂಚನ್ನೂ ಬೆಂಕಿಕಡ್ಡಿ ದಪ್ಪಕ್ಕೆ ಸವರಿ ತೆಗೆದು, ಎಂಟು ಚೌಕ ಮಾಡಿ. ಎಳೆಯದೆ, ಮೇಲಿಂದ ಕೆಳಕ್ಕೆ ಒಂದೇ ಏಟಿಗೆ. ದುಂಡಗೆ ಕತ್ತರಿಸಿ ಉಳಿದ ಚೂರನ್ನು ಮತ್ತೆ ಒಟ್ಟುಗೂಡಿಸಿ ತಟ್ಟಿದರೆ ಆ ಎರಡನೇ ಕಂತಿನ ಸ್ಕೋನ್ ಯಾವತ್ತೂ ಒಂದು ಹಿಡಿ ಗಟ್ಟಿಯೇ. ಚೌಕದಲ್ಲಿ ಆ ತೊಂದರೆ ಇಲ್ಲ.

ಚೌಕಗಳನ್ನು ಮಗುಚಿ, ಕಟ್ಟೆಗೆ ತಾಗಿದ್ದ ನುಣುಪು ಮುಖ ಮೇಲೆ ಬರುವಂತೆ ಬೇಕಿಂಗ್ ಪೇಪರ್ ಹಾಸಿದ ತಟ್ಟೆಯಲ್ಲಿ ಜೋಡಿಸಿ 15 ನಿಮಿಷ ಫ್ರಿಜ್ಜಿನಲ್ಲಿಡಿ. ಎರಡು ಗಂಟೆ ಇಟ್ಟದ್ದನ್ನು ಬೈದು ಈಗ ನಾವೇ ಇಡಿ ಎನ್ನುತ್ತಿದ್ದೇವೆ, ನಿಜ. ತಣ್ಣಗಿನಲ್ಲಿ ಹದಿನೈದು ನಿಮಿಷಕ್ಕೆ ಬೇಕಿಂಗ್ ಪೌಡರ್ ಸೊರಗುವುದಿಲ್ಲ, ಬೆಣ್ಣೆ ಮತ್ತೆ ಗಟ್ಟಿಯಾಗುತ್ತದೆ, ತಟ್ಟುವಾಗ ಬಿಗಿದುಕೊಂಡ ಹಿಟ್ಟು ಸಡಿಲಾಗುತ್ತದೆ. ಸೆಕೆಯ ಊರಿನಲ್ಲಿ ಈ ಹದಿನೈದು ನಿಮಿಷವೇ ಅರ್ಧ ಗೆಲುವು. ಹೊರತೆಗೆದು ಮೇಲ್ಮೈಗೆ ಮಾತ್ರ ಹಾಲು ಸವರಿ, ಚಿಟಿಕೆ ಸಕ್ಕರೆ ಕರಗಿಸಿಕೊಂಡಿದ್ದರೆ ಬಣ್ಣ ಇನ್ನೂ ಚೆನ್ನ. ಬದಿಗೆ ಇಳಿದ ಹಾಲು ಅಂಟಿನಂತೆ ಕೆಲಸ ಮಾಡಿ ಮತ್ತದೇ ವಾಲುವ ಕಾಯಿಲೆ ತರುತ್ತದೆ. ಮೇಲೆ ಇಣುಕುವ ದ್ರಾಕ್ಷಿಯನ್ನು ಒಳಗೆ ತಳ್ಳಿ, ಇಲ್ಲದಿದ್ದರೆ ಸುಟ್ಟು ಕಹಿಯಾಗುತ್ತದೆ.

ಓಟಿಜಿಯ ಮಾತು ಉಳಿಯಿತು. ಸ್ಕೋನಿಗೆ ಬೇಕಾದ್ದು 210ರಿಂದ 220 ಡಿಗ್ರಿ. 180 ಕೇಕಿನ ಬಿಸಿ. ಅದರಲ್ಲಿ ಬೆಣ್ಣೆ ನಿಧಾನಕ್ಕೆ ಕರಗಿ ಹರಿದುಹೋಗುತ್ತದೆ, ಹೊರಗೆ ಬಣ್ಣ ಬರುವಷ್ಟರಲ್ಲಿ ಒಳಗೆ ಒಣಗಿರುತ್ತದೆ. ಸಣ್ಣ ಓಟಿಜಿಗಳ ಗುಂಡಿಯಲ್ಲಿ ಬರೆದ ಅಂಕಿಗೂ ಒಳಗಿನ ಬಿಸಿಗೂ ಹದಿನೈದು ಇಪ್ಪತ್ತು ಡಿಗ್ರಿ ವ್ಯತ್ಯಾಸ ಸಾಮಾನ್ಯ. ಒಳಗಿಡುವ ಥರ್ಮಾಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಸಕ್ಕರೆ ಸಾಕು. ಸಕ್ಕರೆ ಕರಗುವುದು 186 ಡಿಗ್ರಿಯ ಆಸುಪಾಸಿನಲ್ಲಿ. ಚೆನ್ನಾಗಿ ಬಿಸಿಯಾದ ಓಟಿಜಿಯಲ್ಲಿ ಗುಂಡಿ 175ಕ್ಕಿಟ್ಟು, ಅಲ್ಯುಮಿನಿಯಂ ಹಾಳೆಯ ಮೇಲೆ ಒಂದು ಚಮಚ ಸಕ್ಕರೆ 15 ನಿಮಿಷ ಇಡಿ. ಹರಳು ಹರಳಾಗಿಯೇ ಇರಬೇಕು, ಕರಗಿದರೆ ನಿಮ್ಮದು ಹೇಳಿದ್ದಕ್ಕಿಂತ ಹೆಚ್ಚು ಕಾಯುವ ಓಟಿಜಿ. ಹೊಸ ಸಕ್ಕರೆ ಹಾಕಿ 200ಕ್ಕೆ ಇನ್ನೊಮ್ಮೆ ನೋಡಿ. ಆಗಲೂ ಕರಗದಿದ್ದರೆ ಅದು ಸೋಮಾರಿ, ಗುಂಡಿಯನ್ನು ಯಾವಾಗಲೂ ಇಪ್ಪತ್ತು ಡಿಗ್ರಿ ಮುಂದಕ್ಕೆ ತಿರುಗಿಸಬೇಕು. ಸಂಜೆ ವೋಲ್ಟೇಜ್ ಇಳಿಯುವ ಮನೆಗಳಲ್ಲಿ ಮಧ್ಯಾಹ್ನ ಮೂರಕ್ಕೇ ಬೇಯಿಸುವುದು ವಾಸಿ.

ಮೇಲೆ ಕೆಳಗೆ ಎರಡೂ ಕಂಬಿ ಹಚ್ಚಿ, ಖಾಲಿ ಟ್ರೇ ಒಳಗಿಟ್ಟು, 230ಕ್ಕೆ ಇಪ್ಪತ್ತು ನಿಮಿಷ ಕಾಯಿಸಿ. ದೀಪ ಆರಿದ ಕೂಡಲೇ ಇಡಬೇಡಿ, ಆಗ ಗಾಳಿ ಕಾದಿರುತ್ತದೆ, ಗೋಡೆ ಕಾದಿರುವುದಿಲ್ಲ. ಬಾಗಿಲು ತೆರೆದರೆ ಎಲ್ಲ ಬಿಸಿಯೂ ಹಾರಿಹೋಗುತ್ತದೆ. ಬೇಕಿಂಗ್ ಪೇಪರಿನ ಮೇಲೆ ಜೋಡಿಸಿಟ್ಟ ಸ್ಕೋನನ್ನು ಪೇಪರ್ ಸಮೇತ ಕಾದ ಟ್ರೇಗೆ ಜಾರಿಸಿ, ತಟ್ಟನೆ ಮುಚ್ಚಿ, 215ಕ್ಕೆ ಇಳಿಸಿ. ನಡುವೆ ಒಂದು ಬೆರಳಷ್ಟೇ ಜಾಗವಿರಲಿ, ಒಂದಕ್ಕೊಂದು ಒತ್ತಾಸೆಯಾಗಿ ನೆಟ್ಟಗೆ ಏಳುತ್ತವೆ. ಟ್ರೇ ಮಧ್ಯಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಸಣ್ಣ ಓಟಿಜಿಯಲ್ಲಿ ಮೇಲಿನ ಕಂಬಿ ತಲೆಗೇ ತಾಗುವಷ್ಟು ಹತ್ತಿರವಿರುತ್ತದೆ. ಮೊದಲ ಎಂಟು ನಿಮಿಷ ಬಾಗಿಲು ಮುಟ್ಟಬೇಡಿ. ಒಂಬತ್ತನೇ ನಿಮಿಷಕ್ಕೆ ತಲೆ ಕಂದಾಗಿದ್ದರೆ ಮೇಲೊಂದು ಅಲ್ಯುಮಿನಿಯಂ ಹಾಳೆ ಸಡಿಲವಾಗಿ ಹೊದಿಸಿ. ಒಟ್ಟು 13ರಿಂದ 15 ನಿಮಿಷ. ಒಂದನ್ನೆತ್ತಿ ತಳಕ್ಕೆ ಬೆರಳಿನಿಂದ ಬಡಿದರೆ ಟೊಳ್ಳು ಸದ್ದು ಬರಬೇಕು, ಬದಿಯನ್ನು ಮೆಲ್ಲಗೆ ಒತ್ತಿದರೆ ವಾಪಸ್ ಬರಬೇಕು. ಮೈಕ್ರೋವೇವಿನ ಕನ್ವೆಕ್ಷನ್ ಬದಿಯಲ್ಲಿ 200 ಡಿಗ್ರಿಗೆ 15 ನಿಮಿಷ ಆಗುತ್ತದೆ. ಬರೀ ಮೈಕ್ರೋವೇವಿನಲ್ಲಿ ಆಗುವುದಿಲ್ಲ, ಪ್ರಯತ್ನ ಕೂಡ ಬೇಡ.

ಓಟಿಜಿಯೇ ಇಲ್ಲದವರೂ ಈ ಅಂಕಣ ಓದುತ್ತಾರೆ, ಅವರಿಗೊಂದು ಮಾತು. ಸ್ಕೋನ್ ಹುಟ್ಟಿದ್ದು ಒಲೆಯೊಳಗಲ್ಲ, ಕಾವಲಿಯ ಮೇಲೆ. 1513ರ ಒಂದು ಸ್ಕಾಟ್ ಕಾವ್ಯಾನುವಾದದಲ್ಲೇ ಈ ಹೆಸರು ಸಿಗುತ್ತದೆ, ಬೇಕಿಂಗ್ ಪೌಡರನ್ನು ಆಲ್ಫ್ರೆಡ್ ಬರ್ಡ್ ಎಂಬವರು ಮಾಡಿದ್ದು 1843ರಲ್ಲಿ. ಸ್ಕಾಟ್ಲೆಂಡಿನಲ್ಲಿ ಕಾವಲಿ ಸ್ಕೋನ್ ಈಗಲೂ ಇದೆ. ಇದೇ ಹಿಟ್ಟನ್ನು ಒಂದೂವರೆ ಸೆಂ.ಮೀ. ದಪ್ಪದ ಎರಡು ರೊಟ್ಟಿಯಾಗಿ ತಟ್ಟಿ, ಒಂದೊಂದನ್ನೂ ನಾಲ್ಕು ತ್ರಿಕೋನ ಮಾಡಿ. ದಪ್ಪ ಬೀಡಿನ ಕಾವಲಿಯನ್ನು ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಚಿಟಿಕೆ ಮೈದಾ ಉದುರಿಸಿದರೆ ಒಂದು ನಿಮಿಷದಲ್ಲಿ ತಿಳಿಗಂದು ಬರಬೇಕು, ಕೂಡಲೇ ಕರಿದಾದರೆ ಕಾವು ಹೆಚ್ಚಾಯಿತು. ಎಣ್ಣೆ ಬೇಡ. ಒಂದು ಬದಿ ಆರೇಳು ನಿಮಿಷ, ಮಗುಚಿ ಇನ್ನೊಂದು ಆರೇಳು, ಆಮೇಲೆ ಬದಿಗಳನ್ನು ಒಂದೊಂದು ನಿಮಿಷ ನಿಲ್ಲಿಸಿ ಕಾಯಿಸಿ. ನೀರುಳ್ಳಿ ದೋಸೆ ಹೊಯ್ದ ಕಾವಲಿಯನ್ನು ಮಾತ್ರ ತೆಗೆದುಕೊಳ್ಳಬೇಡಿ, ಸ್ಕೋನಿಗೆ ಆ ವಾಸನೆ ಹತ್ತಿದರೆ ಹೋಗುವುದಿಲ್ಲ.

ಮೊಸರು ಕಡೆದ ಹುಳಿ ಮಜ್ಜಿಗೆಯಲ್ಲಿ ಮಾಡುವುದಾದರೆ ಹಾಲಿನ ಬದಲು 120 ಮಿಲಿ ದಪ್ಪ ಮಜ್ಜಿಗೆ, ಬೇಕಿಂಗ್ ಪೌಡರ್ ಎರಡು ಟೀ ಚಮಚ, ಸೋಡಾ ಕಾಲು ಟೀ ಚಮಚ. ಸೋಡಾ ಹುಳಿ ತಾಗಿದ ಕೂಡಲೇ ಎಲ್ಲ ಗಾಳಿಯನ್ನೂ ಬಿಟ್ಟುಬಿಡುವುದರಿಂದ ಆ ಹದಿನೈದು ನಿಮಿಷದ ವಿಶ್ರಾಂತಿ ಇದಕ್ಕಿಲ್ಲ, ಕತ್ತರಿಸಿ ನೇರ ಒಲೆಗೆ. ಕಾಲು ಚಮಚ ಅಂದರೆ ಕಾಲು ಚಮಚವೇ. ಬನ್ಸಿಗೆ ಹಾಕುವಂತೆ ಅಂದಾಜಿನ ಚಿಟಿಕೆ ಹಾಕಿದರೆ ಹಳದಿ ಚುಕ್ಕೆ ಬಿದ್ದು ಮತ್ತದೇ ಸೋಪು.

ಜೊತೆಗೇನು? ಇಂಗ್ಲೆಂಡಿನ ಡೆವನ್‌ನವರು ಮೊದಲು ಕೆನೆ, ಮೇಲೆ ಜಾಮ್ ಹಚ್ಚುತ್ತಾರೆ, ಪಕ್ಕದ ಕಾರ್ನ್‌ವಾಲ್‌ನವರು ಮೊದಲು ಜಾಮ್. ಈ ಜಗಳ ಅವರವರಿಗೇ ಇರಲಿ. ಅವರ ಕ್ಲಾಟೆಡ್ ಕ್ರೀಮ್ ಎಂಬ ಗಟ್ಟಿ ಕೆನೆಯಲ್ಲಿ ಕೊಬ್ಬು ನೂರಕ್ಕೆ 55ರಷ್ಟು, ನಮ್ಮಲ್ಲಿ ಪೊಟ್ಟಣದಲ್ಲಿ ಬರುವ ಫ್ರೆಶ್ ಕ್ರೀಮಿನಲ್ಲಿ ಸುಮಾರು 25. ಎಷ್ಟು ಕಡೆದರೂ ಇದು ಅದಾಗುವುದಿಲ್ಲ. ಹತ್ತಿರದ್ದು ನಿಮ್ಮ ಮನೆಯಲ್ಲೇ ಇದೆ: ಒಂದು ಲೀಟರ್ ಗಟ್ಟಿ ಹಾಲನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಕುದಿ ಬರಲು ಬಿಡದೆ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಕಾಯಿಸಿ, ಅಲುಗಿಸದೆ ತಣಿಸಿ, ರಾತ್ರಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಕೆನೆಯನ್ನು ಚಪ್ಪಟೆ ಸೌಟಿನಲ್ಲಿ ಎತ್ತಿ. ಮೂರು ದಿನದ ಕೆನೆ ಎಂಟು ಸ್ಕೋನಿಗೆ ಸಾಕು. ಜಾಮಿಗೆ ಸ್ಟ್ರಾಬೆರಿಯೇ ಆಗಬೇಕೆಂದಿಲ್ಲ, ಹುಳಿ ಮುಂದಿರುವ ಅನಾನಸು ಜಾಮ್ ಈ ಕೆನೆಗೆ ಚೆನ್ನಾಗಿ ಹೊಂದುತ್ತದೆ. ಚಾ ಮಾತ್ರ ಖಡಕ್ ಇರಲಿ, ಸಕ್ಕರೆ ಕಡಿಮೆ.

ಸ್ಕೋನ್ ಅದೇ ದಿನದ ತಿಂಡಿ. ಟ್ರೇಯಿಂದ ತೆಗೆದು ಜಾಲರಿಯ ಮೇಲೆ ಹರಡಿ. ಮೇಲ್ಮೈ ಮೆತ್ತಗಿರಬೇಕೆಂದರೆ ಬಟ್ಟೆ ಹೊದಿಸಿ, ಗರಿ ಬೇಕೆಂದರೆ ಹಾಗೇ ಬಿಡಿ. ಬಿಸಿ ಇರುವಾಗಲೇ ಡಬ್ಬಿ ಮುಚ್ಚಿದರೆ ಮುಚ್ಚಳದಲ್ಲಿ ನೀರು ಇಳಿದು ಮರುದಿನಕ್ಕೆ ಒದ್ದೆ ಮುದ್ದೆ, ಮಳೆಗಾಲದಲ್ಲಾದರೆ ಮೂರನೇ ದಿನಕ್ಕೆ ಬೂಸ್ಟು. ಮರುದಿನ 160 ಡಿಗ್ರಿಯಲ್ಲಿ ಐದು ನಿಮಿಷ ಬಿಸಿ ಮಾಡಿದರೆ ಮುಕ್ಕಾಲು ಪಾಲು ಜೀವ ಬರುತ್ತದೆ. ನಾಲ್ಕು ಜನಕ್ಕೆ ಎಂಟು ಹೆಚ್ಚಾಯಿತು ಅನಿಸಿದರೆ ಬೇಯಿಸುವ ಮೊದಲೇ ನಾಲ್ಕನ್ನು ತಟ್ಟೆಯ ಮೇಲೆ ಬಿಡಿಬಿಡಿಯಾಗಿ ಫ್ರೀಜರಿಗಿಟ್ಟು, ಕಲ್ಲಾದ ಮೇಲೆ ಚೀಲಕ್ಕೆ ಹಾಕಿ ಗಾಳಿ ಹೊರಹಿಂಡಿ ಕಟ್ಟಿ. ಒಂದು ತಿಂಗಳೊಳಗೆ ಯಾವಾಗ ಬೇಕಾದರೂ, ಕರಗಿಸದೆ ಹಾಗೇ 210 ಡಿಗ್ರಿಗೆ 17 ಅಥವಾ 18 ನಿಮಿಷ. ಕರೆಂಟ್ ಹೋಗಿ ಅವು ಒಮ್ಮೆ ಕರಗಿ ಮೆತ್ತಗಾದವೋ, ಮತ್ತೆ ಗಟ್ಟಿ ಮಾಡಿಡಬೇಡಿ. ಅಂದೇ ಕಾವಲಿಗೆ ಹಾಕಿ ಮುಗಿಸಿ.